ಮಾಯಕ್ಕನ ಮೂರು ಮೂಲೆಯ ಮೆಣಸಿನಕಾಯಿ

ಮಾಯಕ್ಕನ ಕಾಯಿಯನ್ನು ತೂಗಿದವನು ನಾನು. ಮೊದಲ ವರ್ಷ ಅವಳು ಸೋತಳು ಎಂದು ಬರೆದುಕೊಟ್ಟವನೂ ನಾನೇ. ನಾನು ಕಲಿತದ್ದು ಮೂರನೆಯ ಇಯತ್ತೆ. ತೂಕ ಬರೆಯಲು ಅಷ್ಟು ಸಾಕಾಗುತ್ತಿತ್ತು. ಅವಳ ವಿಷಯ ಮಂದಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಖಾನಾಪುರದ ಹತ್ತಿರ, ಮಲಪ್ರಭೆಯ ದಂಡೆಗೆ ನಮ್ಮ ಊರು. ತರಕಾರಿ ಬೆಳೆಯುವವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಸಂಘದ ತಕ್ಕಡಿ ನನ್ನ ಕೈಯಲ್ಲಿತ್ತು. ಊರಿನ ಮುಖ್ಯ ಬೆಳೆ ಡಬ್ಬು ಮೆಣಸಿನಕಾಯಿ. ದಪ್ಪ, ಹಸಿರು, ಖಾರವಿಲ್ಲದ್ದು. ನಮ್ಮ ಮನೆಗಳಲ್ಲಿ ಕಡಲೆಹಿಟ್ಟು ಹಾಕಿ ಅದರ ಝುಣಕ ಮಾಡಿ ರೊಟ್ಟಿಯ ಜೊತೆ ತಿನ್ನುತ್ತಿದ್ದೆವು. ಉಳಿದದ್ದೆಲ್ಲ ಬಸ್ಸಿನ ಟಪ್ಪಿನ ಮೇಲೆ ಬೆಳಗಾವಿಯ ಕ್ಯಾಂಪಿಗೆ ಹೋಗುತ್ತಿತ್ತು. ಅಲ್ಲಿ ಮಿಲಿಟರಿಯವರ ಅಡುಗೆಮನೆಗೆ ತರಕಾರಿ ಹಾಕುವ ಬಸಲಿಂಗಪ್ಪ ಎಂಬ ವ್ಯಾಪಾರಿ ಅದನ್ನು ಕೊಳ್ಳುತ್ತಿದ್ದ.

ಊರಿನ ಅಷ್ಟೂ ಗಿಡದ ಬೀಜ ಒಂದೇ ಮನೆಯದು. ಮಾಯಕ್ಕನ ಮನೆಯದು. ಅವಳ ಅತ್ತೆ ಕಾಡವ್ವ ಹರೆಯದಲ್ಲಿ ಕ್ಯಾಂಪಿನ ಒಂದು ಬಂಗಲೆಯ ತೋಟದಲ್ಲಿ ಕೂಲಿ ಮಾಡುತ್ತಿದ್ದಳಂತೆ. ಬಂಗಲೆಯ ಸಾಹೇಬ ದೇಶ ಬಿಟ್ಟು ಹೋಗುವಾಗ ಅವಳು ಗಿಡದಲ್ಲಿದ್ದ ನಾಲ್ಕು ಕೆಂಪು ಕಾಯಿ ಹರಿದು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅಲ್ಲಿಂದ ಇದು ಶುರುವಾಯಿತು.

ಮಾಯಕ್ಕ ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ತವರಿನಲ್ಲಿ ಒಂದು ಗುಂಟೆ ಹೊಲವೂ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆ ಅವಳಿಗೆ ಬೀಜದ ಕೆಲಸ ಕಲಿಸಿದಳು. ಗಿಡದ ಎರಡನೆಯ ಕವಲಿನ ಕಾಯಿಯನ್ನೇ ಬೀಜಕ್ಕೆ ಬಿಡಬೇಕು. ಅದು ಗಿಡದಲ್ಲೇ ಕೆಂಪಾಗಬೇಕು. ನೆರಳಿಗೆ ಒಣಗಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿ ಇಡಬೇಕು. ಅತ್ತೆ ಸತ್ತ ಮೇಲೆ ಗಡಿಗೆ ಮಾಯಕ್ಕನ ಕೈಗೆ ಬಂತು. ಪ್ರತಿ ವರ್ಷ ದಸರೆಯ ಸುಮಾರಿಗೆ ಅವಳು ಸಸಿ ಮಾಡುತ್ತಿದ್ದಳು. ನಲವತ್ತು ಮನೆಯವರು ಬಂದು ಒಯ್ಯುತ್ತಿದ್ದರು. ಒಯ್ದವರು ಜೋಳ ಕೊಡುತ್ತಿದ್ದರು, ಇಲ್ಲವೆ ಎರಡು ದಿನ ಅವಳ ಹೊಲದಲ್ಲಿ ದುಡಿಯುತ್ತಿದ್ದರು. ಗಂಡ ಬೆಳಗಾವಿಯ ಶಹಾಪುರದಲ್ಲಿ ಮಗ್ಗದ ಕೆಲಸಕ್ಕಿದ್ದ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಮನೆ ನಡೆಯುತ್ತಿದ್ದದ್ದು ಸಸಿಯಿಂದ.

1978ರಲ್ಲಿ ಸಂಘದ ಚೇರಮನ್ ಗುರುಪುತ್ರಪ್ಪನವರು ಒಂದು ಮಾತು ತೆಗೆದರು. ಪೇಟೆಗೆ ಕಂಪನಿಯ ಹೊಸ ಬೀಜ ಬಂದಿದೆ. ಸಂಘವೇ ಹೊಳೆಯ ಬಾಜು ಹತ್ತು ಮಡಿ ಮಾಡಿ ಸಸಿ ಎಬ್ಬಿಸಿ ಕೊಡಲಿ. ಹತ್ತೂ ಮಡಿಗೆ ಒಂದೇ ಬೀಜ ಇರಲಿ, ಯಾವುದು ಹೆಚ್ಚು ಇಳುವರಿ ಕೊಡುತ್ತದೋ ಅದು. ಅದನ್ನು ನೋಡಲು ಒಂದೇ ಹೊಲದಲ್ಲಿ ಅರ್ಧ ಹೊಸದು, ಅರ್ಧ ಮಾಯಕ್ಕನದು ಹಚ್ಚಿ ತೂಗೋಣ ಎಂದು ಠರಾವು ಆಯಿತು.

ಮಾಯಕ್ಕ ಎದ್ದು, "ನನ್ನ ಹೊಲದಾಗ ಹಚ್ರಿ," ಅಂದಳು. ಸೋತರೆ ಅವಳ ಮನೆಗೆ ಸಸಿ ಕೇಳಲು ಯಾರೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕುಳಿತವರಿಗೆಲ್ಲ ಗೊತ್ತಿತ್ತು.

ಮಳೆಗಾಲ ಮುಗಿದ ಮೇಲೆ ಕುರಿ ಹಿಂಡುಗಳು ನಮ್ಮ ಕಡೆ ಬರುತ್ತವೆ. ರಾತ್ರಿ ಹೊಲದಲ್ಲಿ ಬಲೆ ಕಟ್ಟಿ ಕುರಿ ಕೂರಿಸಿದರೆ ನೆಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಮಾಯಕ್ಕನ ತಮ್ಮ ಬೀರಣ್ಣ ಇನ್ನೂರು ಕುರಿ ಹೊಡೆದುಕೊಂಡು ಬಂದ. ನಾಲ್ಕು ರಾತ್ರಿ ಅವು ಅಕ್ಕನ ಹೊಲದ ಮೂಡಣ ಅರ್ಧದಲ್ಲಿ ಕೂತವು. ಅಷ್ಟರಲ್ಲಿ ಮೊದಲೇ ಮಾತು ಕೊಟ್ಟಿದ್ದ ಇನ್ನೊಂದು ಊರಿನವರು ಕರೆಯಲು ಬಂದರು. ಬೀರಣ್ಣ ಹೋದ. ಪಡುವಣ ಅರ್ಧ ಹಾಗೇ ಉಳಿಯಿತು.

ನಾಟಿಯ ದಿನ ಗ್ರಾಮಸೇವಕ ನಾಗಲಿಂಗ ಸಾಹೇಬರು ಹೊಸ ಸಸಿ ತಂದರು. ಇನ್ನೂ ಎಳೆಯ ವಯಸ್ಸು, ಕೆಟ್ಟ ಮನುಷ್ಯರಲ್ಲ.

"ನಮ್ಮ ಸಸಿ ಎಲ್ಲಿ ಹಚ್ಚೂಣುಬೇ?" ಎಂದು ಕೇಳಿದರು.

ಮಾಯಕ್ಕ ಮೂಡಣ ಅರ್ಧ ತೋರಿಸಿದಳು.

ನಾನು ಅವಳ ಹತ್ತಿರ ಹೋಗಿ ಸಣ್ಣ ದನಿಯಲ್ಲಿ, "ಅಕ್ಕಾ, ಅದು ಕುರಿ ಕುಂತ ಬಾಜು," ಅಂದೆ.

"ನನ್ನ ಕುರಿ ಎಲ್ಲಿ ಕುಂತಾವು ಅಂತ ನೀ ಹೇಳಬೇಕೇನೋ ಸತ್ಯಪ್ಪ?"

"ಮತ್ತ?"

"ಮನಿಗೆ ಬೀಗರು ಬಂದ್ರ ಹರಕ ಕಂಬಳಿ ಹಾಸ್ತಾರೇನು? ಪರ ಊರಿಂದ ಬಂದ ಸಸಿ ಅದು. ನಮ್ಮ ನೆಲದ ಗುರ್ತಿಲ್ಲ. ಚಲೋ ಜಾಗಾದಾಗ ಕುಂದ್ರಲಿ. ನನ್ನವು ಮನೀ ಮಕ್ಕಳು, ಎಲ್ಲಿ ಹಚ್ಚಿದ್ರೂ ಬೆಳೀತಾವು."

ಅವರ ಮನೆಯ ರೂಢಿಯೇ ಹಾಗೆ. ಬಂದವರಿಗೆ ಹೊಸ ಕಂಬಳಿ, ಮನೆಯವರಿಗೆ ಬರಿ ನೆಲ. ಹಟ್ಟಿಯಲ್ಲಿ ಬೆಳೆದ ಹೆಣ್ಣುಮಗಳು ಗಿಡಕ್ಕೂ ಅದನ್ನೇ ಮಾಡಿದಳು. ನಾನು ಮತ್ತೆ ಮಾತಾಡಲಿಲ್ಲ. ಮಾತಾಡಬೇಕಾಗಿತ್ತು.

ಕಂಪನಿಯ ಗಿಡ ಗಿಡ್ಡವಾಗಿ, ದಟ್ಟವಾಗಿ ಬೆಳೆಯಿತು. ಎಲೆ ಕಪ್ಪು ಹಸಿರು. ಕಾಯಿಗೆ ನಾಲ್ಕು ಮೂಲೆ, ನೆಲದ ಮೇಲಿಟ್ಟರೆ ನೆಟ್ಟಗೆ ಕೂರುತ್ತಿತ್ತು. ಮಾಯಕ್ಕನ ಗಿಡ ಉದ್ದವಾಗಿ ಬೆಳೆದು ಬಿಳಿಚಿಕೊಂಡಿತು. ಅದರ ಕಾಯಿಗೆ ಮೂರೇ ಮೂಲೆ, ಇಟ್ಟರೆ ಉರುಳುತ್ತಿತ್ತು. ಶಿವರಾತ್ರಿಯಿಂದ ಮೇ ತಿಂಗಳವರೆಗೆ ಒಂಬತ್ತು ಸಲ ಕಾಯಿ ಹರಿದರು. ಒಂಬತ್ತು ಸಲವೂ ನಾನೇ ತೂಗಿದೆ. ಹೊಸದು ಒಂಬತ್ತು ಕ್ವಿಂಟಲ್ ನಲವತ್ತು ಕಿಲೋ. ಮಾಯಕ್ಕನದು ಆರು ಕ್ವಿಂಟಲ್ ಹದಿನೈದು.

ಸಭೆಯಲ್ಲಿ ಚೇರಮನ್ನರು ಅದನ್ನು ಓದಿದರು. ಮಂದಿ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವವರೆಗೂ ನಿಂತು ಆಮೇಲೆ ಮಾಯಕ್ಕ ಹೇಳಿದಳು:

"ಈ ತೂಕಾ ನಾ ಒಪ್ಪೂದಿಲ್ರಿ."

"ಯಾಕವಾ? ತಕ್ಕಡಿ ಸುಳ್ಳೇನು?"

"ತಕ್ಕಡಿ ಖರೇ ಐತ್ರಿ. ನೆಲಾ ಸರಿ ಇರಲಿಲ್ಲ. ನಿಮ್ಮ ಗಿಡದ ಬುಡಕ ನಾಕ ದಿನಾ ಇನ್ನೂರ ಕುರಿ ಕುಂತಿದ್ದವು. ನನ್ನ ಗಿಡದ ಬುಡಕ ಒಂದೂ ಕುಂತಿಲ್ಲ."

ಹಿಂದಿನಿಂದ ಯಾರೋ ಕೂಗಿದರು. "ಸತ್ಯಪ್ಪ, ಕಾಯಿ ಜೋಡಿ ಹಿಕ್ಕೀನೂ ತೂಗಬೇಕಾಗಿತ್ತೋ!"

ಸಭೆಯೆಲ್ಲ ನಕ್ಕಿತು. ಚೇರಮನ್ನರು ನನ್ನ ಕಡೆ ತಿರುಗಿ, ಅವಳ ಮಾತು ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಅಂದೆ. ನನಗೆ ಬಂದದ್ದು ಅದೊಂದೇ ಮಾತು.

"ಆ ನೆಲಾ ಅವಕ್ಕ ಕೊಟ್ಟವ್ರು ಯಾರು?" ಎಂದು ಚೇರಮನ್ನರು ಅವಳನ್ನು ಕೇಳಿದರು.

"ನಾನ ಕೊಟ್ಟೇನ್ರಿ."

"ನೀನ ಕೊಟ್ಟು ಈಗ ನೀನ ಅಳತೀಯಲ್ಲ!"

"ಅಳಾಕತ್ತಿಲ್ರಿ ನಾನು. ನೋಡ್ರಿ ಕಣ್ಣ. ತಪ್ಪು ನಂದ ಐತಿ, ಅದನ್ನ ನನ್ನ ಮ್ಯಾಲ ಹಾಕ್ರಿ, ಹೊರತೇನಿ. ಬೀಜದ ಮ್ಯಾಲ ಹಾಕಾಕ ಬಿಡೂದಿಲ್ಲ."

ಯಾರೂ ಕೇಳಲಿಲ್ಲ. ಹತ್ತೂ ಮಡಿಗೆ ಕಂಪನಿ ಬೀಜ ಎಂದು ಬರೆದು ಸಹಿ ಮಾಡಿದರು. ಅವಳು ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. "ಬರೀರಿ. ನಾ ಮತ್ತೊಮ್ಮಿ ಹಚ್ಚತೇನಿ. ನೀವು ನೋಡಾಕ ಬಂದ್ರೂ ಅಷ್ಟ, ಬಿಟ್ರೂ ಅಷ್ಟ."

ಆ ದಸರೆಗೆ ಅವಳ ಮನೆಗೆ ಸಸಿ ಕೇಳಲು ಬಂದದ್ದು ಆರು ಮನೆಯವರು. ಮನೆಯಲ್ಲಿ ಜೋಳ ಇಳಿಯಿತು. ಅವಳು ಭತ್ತ ಕೊಯ್ಯಲು ಕೂಲಿಗೆ ಹೋದಳು. ಒಂದು ಶನಿವಾರ ಗಂಡ ಬಂದವನು, ಶಹಾಪುರಕ್ಕೆ ನಡಿ, ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸ ಕೊಡಿಸುತ್ತೇನೆ ಅಂದ. ಆಗ ನಾನು ಅವರ ಕಟ್ಟೆಯ ಮೇಲೆ ಕೂತಿದ್ದೆ.

"ನೂಲು ಸುತ್ತಾಕ ಯಾರ ಕೈಯಾದ್ರೂ ನಡೀತೈತಿ," ಅಂದಳು ಅವಳು. "ಈ ಗಡಿಗಿ ಬಿಟ್ಟು ಬಂದ್ರ ಮುಂದಿನ ವರ್ಷಕ್ಕ ಊರಾಗ ಈ ಬೀಜ ಇರೂದಿಲ್ಲ. ನೀವ ಹೇಳ್ರಿ, ಯಾರ ಕೈಯಾಗ ಕೊಟ್ಟು ಬರಲಿ?"

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಸೋಮವಾರ ಅವನೊಬ್ಬನೇ ಹೋದ.

ಬೀರಣ್ಣನ ಕುರಿ ಬಂದವು. ಈ ಸಲ ಅವಳು ತಮ್ಮನಿಗೆ ಮೊದಲೇ ಹೇಳಿಟ್ಟಿದ್ದಳು. ಎಂಟು ದಿನ ಎಲ್ಲಿಯೂ ಹೋಗುವ ಹಾಗಿಲ್ಲ. ದಿನಕ್ಕೊಂದು ಪಟ್ಟಿಯಂತೆ ಬಲೆ ಸರಿಸುತ್ತ ಇಡೀ ಹೊಲದಲ್ಲಿ ಕುರಿ ಕೂರಿಸಿದಳು. ಬೀರಣ್ಣ ಬೇಸತ್ತು, "ಅಕ್ಕಾ, ಆ ಮೂಲ್ಯಾಗ ಒಂದ ಮರಿ ಕಡಿಮಿ ಕುಂತೈತಿ, ನಾನ ಹೋಗಿ ಕುಂದರ್ಲೇನು?" ಎಂದು ಕೇಳಿದ. ಅವಳು ನಗಲಿಲ್ಲ. ಬಲೆಯ ಗೂಟ ಕಿತ್ತು ಅವನ ಕೈಗೆ ಕೊಟ್ಟಳು.

ಆಮೇಲೆ ಸಂಘದ ಸಸಿ ಒಯ್ಯಲು ಸಾಲಿನಲ್ಲಿ ನಿಂತಳು. ಚೇರಮನ್ನರು ಕಂಡು ಮೀಸೆಯಲ್ಲಿ ನಕ್ಕರು.

"ಕಡೀಕೂ ನಮ್ಮ ಸಸೀನ ಬೇಕಾತಲ್ಲ ಮಾಯಕ್ಕ?"

"ಬೇಕ್ರಿ. ಒಬ್ಬಾಕಿನ ಕುಸ್ತಿ ಆಡಿದ್ರ ನೀವು ಗೆದ್ದಿ ಅನ್ನೂದಿಲ್ಲಲ್ಲ."

ಹದಿನಾರು ಸಾಲು ಹಚ್ಚಿದಳು. ಒಂದು ಸಾಲು ಹೊಸದು, ಅದರ ಬಾಜು ತನ್ನದು, ಮತ್ತೆ ಹೊಸದು, ಮತ್ತೆ ತನ್ನದು. ಗ್ರಾಮಸೇವಕರು ಸೈಕಲ್ ಮೇಲೆ ಹೋಗುತ್ತಿದ್ದವರು ಇಳಿದು ನೋಡಿದರು. ಬದುವಿನ ಮೇಲೆ ಆ ಕಡೆಯಿಂದ ಈ ಕಡೆ ನಡೆದು ಸಾಲು ಎಣಿಸಿದರು.

"ಹಿಂಗ ಹಚ್ಚಬೇಕಂತ ನಿಮಗ ಯಾರು ಹೇಳಿಕೊಟ್ರು?"

"ಯಾರು ಹೇಳಬೇಕ್ರಿ ಸಾಹೇಬ್ರ? ಎರಡ ಮರಿ ಒಳಗ ಯಾವುದು ಚಲೋ ಅಂತ ನೋಡಬೇಕಂದ್ರ ಎರಡೂ ಒಂದ ಹುಲ್ಲ ಮೇಯಬೇಕು. ಒಂದಕ್ಕ ಹಸರಾ ಹಾಕಿ ಒಂದಕ್ಕ ಒಣಾ ಹಾಕಿದ್ರ ಏನ ಗೊತ್ತಾಗತೈತಿ?"

ಸಾಹೇಬರು ಮತ್ತೊಮ್ಮೆ ಸಾಲು ನೋಡಿದರು. "ಹೋದ ವರ್ಷ ನನಗ ಕುರಿ ವಿಷಯ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನನಗ ಅದು ಹೇಳೂವಂಥಾದ್ದು ಅಂತ ಗೊತ್ತಾಗಲಿಲ್ಲ."

ತೂಗುವ ದಿನ ತಾನು ಬಂದು ಸಹಿ ಹಾಕುತ್ತೇನೆ ಎಂದು ಅವರು ಹೇಳಿದರು. ಹೇಳಿದಂತೆ ಬಂದರು. ತಕ್ಕಡಿಯ ಪ್ರಶ್ನೆ ಇತ್ತು. ಅದು ಸಂಘದ್ದು. ಕೇಳಿದ್ದರೆ ಚೇರಮನ್ನರು ಕೊಡುತ್ತಿರಲಿಲ್ಲ. ನಾನು ಕೇಳಲಿಲ್ಲ. ಸಂಘಕ್ಕೆ ರಜೆ ಇರುವ ದಿನವೇ ಅವಳು ಕಾಯಿ ಹರಿಯುತ್ತಿದ್ದಳು. ನಾನು ತಕ್ಕಡಿ ಹೆಗಲ ಮೇಲೆ ಹೊತ್ತು, ಊರ ನಡುವಿನ ದಾರಿಯಲ್ಲೇ ಒಯ್ಯುತ್ತಿದ್ದೆ. ಯಾರಾದರೂ ಎಲ್ಲಿಗೆ ಎಂದರೆ, ಮಾಯಕ್ಕನ ಹೊಲಕ್ಕೆ ಎನ್ನುತ್ತಿದ್ದೆ.

ಮೊದಲ ಐದು ಸಲ ಹೊಸದೇ ಮುಂದಿತ್ತು. ಐದನೆಯ ಸಲ ಅದು ಅವಳದಕ್ಕಿಂತ ಒಟ್ಟು ಎಪ್ಪತ್ತು ಕಿಲೋ ಹೆಚ್ಚಾಗಿತ್ತು. ನನ್ನ ಕೈ ಬರೆಯಲು ಹಿಂದೆಮುಂದೆ ನೋಡಿತು.

"ಬರಿ," ಅಂದಳು.

"ಅಕ್ಕಾ..."

"ಇದ್ದದ್ದ ಬರಿ. ಸುಳ್ಳ ಬರದ್ರ ಅವರಿಗೂ ನನಗೂ ಏನ ಫರಕು?"

ಏಪ್ರಿಲ್ ಕಡೆಯ ವಾರ ಅಡ್ಡಮಳೆ ಬಂತು. ಮೂರು ದಿನ ಬಿಡದೆ ಹೊಡೆಯಿತು. ನಮ್ಮ ಕಡೆಯ ಮಳೆ ಹಾಗೇ ಇರುತ್ತದೆ. ನಾಲ್ಕನೆಯ ದಿನ ಬಿಸಿಲು ಬಿದ್ದಾಗ ಕಂಪನಿಯ ಗಿಡ ತಲೆ ಬಾಗಿಸಿದವು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಮೂರರಲ್ಲಿ ಒಂದು ಹೋಯಿತು. ಅದರ ಬಾಜು ಸಾಲಿನಲ್ಲಿ, ಅದೇ ನೀರಿನಲ್ಲಿ, ಮಾಯಕ್ಕನ ಗಿಡ ನಿಂತಿದ್ದವು. ಎಲೆ ಹರಿದಿದ್ದವು, ಕೆಲವು ಟೊಂಗೆ ಮುರಿದಿದ್ದವು. ಆದರೂ ಹೂವು ಬಿಟ್ಟವು. ಆಮೇಲೆ ಇನ್ನೂ ನಾಲ್ಕು ಸಲ ಕಾಯಿ ಸಿಕ್ಕವು.

ಒಟ್ಟು ಹೊಸದು ಏಳು ಕ್ವಿಂಟಲ್ ಅರವತ್ತೆರಡು ಕಿಲೋ. ಮಾಯಕ್ಕನದು ಎಂಟು ಕ್ವಿಂಟಲ್ ಐದು. ಗ್ರಾಮಸೇವಕರು ಪ್ರತಿ ಸಾಲಿನ ಕೆಳಗೂ ಸಹಿ ಹಾಕಿದ್ದರು.

ಸಭೆಯಲ್ಲಿ ಚೇರಮನ್ನರು ಆ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಹೂಂ, ತೂಕಾ ಬಂದೈತಿ. ಇಲ್ಲ ಅನ್ನೂದಿಲ್ಲ. ಆದ್ರ ಕ್ಯಾಂಪಿನವರಿಗೆ ಬೇಕಾಗಿದ್ದು ನಾಕ ಮೂಲೀ ಕಾಯಿ. ನಿಂದು ಮೂರ ಮೂಲೀದು. ಉಳ್ಳತೈತಿ."

ಮಾಯಕ್ಕ ಕೂತವಳು ಎದ್ದಳು. "ಹೋದ ವರ್ಷ ತೂಕಾ ಅಂದ್ರಿ. ತೂಕಾ ತಂದು ಇಟ್ಟೆ. ಈಗ ಮೂಲಿ ಎಣಸ್ತೀರಿ. ಮುಂದಿನ ವರ್ಷ ತೊಟ್ಟು ಅಳೀತೀರೇನು?"

ಈ ಸಲ ಸಭೆ ನಕ್ಕದ್ದು ಅವಳ ಪರವಾಗಿ. ಚೇರಮನ್ನರ ಮುಖ ಕೆಂಪಾಯಿತು.

"ನಾಕ ಮೂಲೀದ ಬೇಕು ಅಂತ ಕ್ಯಾಂಪಿನವರು ನಿಮಗ ಹೇಳ್ಯಾರೇನ್ರಿ?" ಎಂದು ಅವಳು ಕೇಳಿದಳು.

"ಹೇಳೂದೇನೈತಿ? ಎಲ್ಲಾರಿಗೂ ಗೊತ್ತಿದ್ದ ಮಾತು."

"ನನಗ ಗೊತ್ತಿಲ್ಲ. ಕೇಳಿ ಬರತೇನಿ."

ಮರುದಿನ ಮುಂಜಾನೆಯ ಬಸ್ಸಿಗೆ ಹೊರಟಳು. ಎರಡು ಬುಟ್ಟಿ, ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ತನ್ನದು. ಓದಲು ಬರೆಯಲು ಒಬ್ಬರು ಬೇಕು ಎಂದು ನನ್ನನ್ನೂ ಕರೆದಳು. ಬೆಳಗಾವಿಯಲ್ಲಿ ಇಳಿದು ಬುಟ್ಟಿ ಹೊತ್ತು ಕ್ಯಾಂಪಿನವರೆಗೆ ನಡೆದೆವು. ಬಸಲಿಂಗಪ್ಪ ಉಳ್ಳಾಗಡ್ಡಿ ಚೀಲಗಳ ನಡುವೆ ಕೂತಿದ್ದ. ಅವಳು ಎರಡೂ ಕಾಯಿ ಅವನ ಮುಂದೆ ಇಟ್ಟಳು. ಅವಳದು ಉರುಳಿ ಅವನ ಕಾಲ ಹತ್ತಿರ ಹೋಯಿತು. ಅವಳು ಹೆಕ್ಕಿ ಮತ್ತೆ ಇಟ್ಟು, ಕೈಯಿಂದ ಹಿಡಿದುಕೊಂಡಳು.

"ಖರೇ ಹೇಳ್ರಿ ಅಣ್ಣಾರ. ನಿಮ್ಮ ಮಂದಿಗೆ ಯಾವುದು ಬೇಕು?"

ಅವನು ಎರಡನ್ನೂ ಚಾಕುವಿನಿಂದ ಸೀಳಿ ಮೂಸಿ ನೋಡಿದ. "ನೋಡವಾ, ಅಡಗಿಯವ ಕಾಯಿ ಹೆಚ್ಚತಾನ. ಹೆಚ್ಚಿದ ಮ್ಯಾಲ ಮೂಲಿ ಎಲ್ಲಿರತಾವ? ಹಾಂ, ದೊಡ್ಡ ಸಾಹೇಬ್ರ ಊಟಕ್ಕ ಒಳಗ ಬಟಾಟಿ ತುಂಬಿ ಮಾಡತಾರ. ಅದಕ್ಕ ಈ ನಾಕ ಮೂಲೀದ ಬೇಕು. ನಿಂದು ತುಂಬಾಕ ಬರೂದಿಲ್ಲ."

ಮಾಯಕ್ಕನ ಮುಖ ಗಟ್ಟಿಯಾಯಿತು. "ತುಂಬೂದು ಎಷ್ಟ, ಹೆಚ್ಚೂದು ಎಷ್ಟ?"

"ತುಂಬೂದು ವಾರಕ್ಕ ಒಂದ ಬುಟ್ಟಿ. ಹೆಚ್ಚೂದು ದಿನಾ. ಮತ್ತ ಇನ್ನೊಂದ ಮಾತು. ಮೇ ತಿಂಗಳ ಮಳಿ ಬಿದ್ದ ಮ್ಯಾಲ ನನಗ ಎಲ್ಲಿಂದೂ ಕಾಯಿ ಬರೂದಿಲ್ಲ. ಆವಾಗ ನೀ ತಂದ್ರ ಅಷ್ಟೂ ತೊಗೋತೇನಿ. ಮೂಲಿ ಎಣಸೂದಿಲ್ಲ."

"ಇದನ್ನ ಬರದ ಕೊಡ್ರಿ."

"ಏ, ನನ್ನ ಮಾತ ಮ್ಯಾಲ ನಂಬಿಕಿ ಇಲ್ಲೇನವಾ?"

"ನನಗ ಐತ್ರಿ. ಅಲ್ಲಿ ನನ್ನ ಮಾತ ಮ್ಯಾಲ ಇಲ್ಲ."

ಅವನು ನಕ್ಕು ಬರೆದುಕೊಟ್ಟ. ನಾಲ್ಕು ಮೂಲೆಯ ಕಾಯಿ ತುಂಬಲು ಬೇಕು ಎಂಬುದನ್ನೂ ಬರೆಸಿದಳು. ನಾನು ಬೇಡ ಅಂದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

ಸಭೆಯಲ್ಲಿ ಆ ಚೀಟಿಯನ್ನು ನಾನು ಓದಿದೆ. ಅಕ್ಷರ ಕೂಡಿಸಿ ಕೂಡಿಸಿ ಓದಬೇಕಾಯಿತು. ಆದರೆ ಯಾರೂ ನಡುವೆ ಬಾಯಿ ಹಾಕಲಿಲ್ಲ. ಚೇರಮನ್ನರು ಸದಸ್ಯರ ಜೊತೆ ಪಿಸುಗುಟ್ಟಿ, "ಎರಡ ಮಡಿ ನಿನ್ನ ಬೀಜಕ್ಕ," ಅಂದರು.

"ಐದು."

"ಮೂರು ಮಾಡೂಣು."

"ಐದ್ರಿ. ಅರ್ಧಾ."

"ನಾಕು. ಇದ ಕಡೀ ಮಾತು. ಠರಾವು ಬರೀರಿ." ಚೇರಮನ್ನರು ಎದ್ದು ಹೊರಟೇ ಬಿಟ್ಟರು.

ಬಿತ್ತುವ ದಿನ ಊರಿನ ಬಹಳ ಮಂದಿ ಹೊಳೆಯ ದಂಡೆಗೆ ಬಂದಿದ್ದರು. ಮಾಯಕ್ಕ ಗಡಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಒಂದನೆಯ ಮಡಿ ಬಿತ್ತಿದಳು. ಎರಡು, ಮೂರು, ನಾಲ್ಕು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸೆರಗು ಬಿಗಿದು, ಐದನೆಯ ಮಡಿಯಲ್ಲಿ ಕೂತು ಗೆರೆ ಎಳೆದಳು. ಬೂದಿ ಬೆರೆತ ಬೀಜ ಗೆರೆಯಲ್ಲಿ ಬೀಳತೊಡಗಿತು.

ಚೇರಮನ್ನರಿಗೆ ಯಾರೋ ಹೇಳಿ ಕಳಿಸಿದ್ದರು. ಅವರು ಧೋತರದ ಚುಂಗು ಹಿಡಿದುಕೊಂಡು ಬೇಗ ಬೇಗ ಬಂದರು. ಅಷ್ಟರಲ್ಲಿ ಮಡಿ ಮುಗಿದಿತ್ತು. ಅವಳು ಮಣ್ಣು ಮುಚ್ಚುತ್ತಿದ್ದಳು.

"ಮಾಯಕ್ಕ, ನಾಕು ಅಂತ ಠರಾವ ಆಗೇತಿ."

"ಆಗೇತ್ರಿ. ನಾನೂ ಅಲ್ಲೇ ಇದ್ನಿ."

"ಮತ್ತ ಇದೇನು?"

"ತೂಕದಾಗ ಅರ್ಧಾಕ್ಕಿಂತ ಹೆಚ್ಚ ತಂದು ನಿಮ್ಮ ಮುಂದ ಇಟ್ಟೇನಿ. ಅರ್ಧಾ ಮಡಿ ತೊಗೊಂಡೇನಿ. ಹೆಚ್ಚಿಂದು ಕೇಳಿಲ್ಲ." ಅವಳು ಎದ್ದು ಬಾಜು ಸರಿದಳು. ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗಿಯನ್ನು ಅವರ ಕಡೆ ಹಿಡಿದಳು. "ಬ್ಯಾಡಂದ್ರ ಕೆದರ್ರಿ. ಆಳಿಗೆ ಹೇಳಬ್ಯಾಡ್ರಿ. ನಿಮ್ಮ ಕೈಲೆ ಕೆದರ್ರಿ, ಇಷ್ಟ ಮಂದಿ ಮುಂದ."

ಚೇರಮನ್ನರು ಕುರ್ಚಿಗಿ ನೋಡಿದರು. ಮಡಿ ನೋಡಿದರು. ಸುತ್ತ ನಿಂತವರನ್ನು ನೋಡಿದರು. ಅವರಲ್ಲಿ ಹೆಚ್ಚಿನವರು ಎಂದೋ ಒಂದು ವರ್ಷ ಅವಳ ಮನೆಯಿಂದ ಸಸಿ ಒಯ್ದವರು. ಚೇರಮನ್ನರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಬಂದ ದಾರಿಯಲ್ಲಿ ನಡೆದರು.

"ಸತ್ಯಪ್ಪ, ನೀರ ತಾ," ಅಂದಳು ಮಾಯಕ್ಕ.

ನಾನು ಕೊಡ ಹೊತ್ತು ಹೊಳೆಗೆ ಇಳಿದೆ. ಐದನೆಯ ಮಡಿಗೆ ಮೊದಲು ನೀರು ಚಿಮುಕಿಸಿದೆ.

ಆ ಮಡಿಯನ್ನು ಯಾರೂ ಕೆದರಲಿಲ್ಲ. ಆ ವರ್ಷ ನಲವತ್ತು ಮನೆಗಳಲ್ಲಿ ಇಪ್ಪತ್ತಾರು ಮನೆಯವರು ಎರಡೂ ಬಗೆಯ ಸಸಿ ಒಯ್ದರು. 1984ರಲ್ಲಿ ಅವಳು ಆರನೆಯ ಮಡಿ ಕೇಳಿದಳು. ಅದರ ಜಗಳ ನಾನು ತಕ್ಕಡಿ ಬಿಡುವವರೆಗೂ ನಡೆದಿತ್ತು.